ಎರಡು ತುದಿಗಳ ಹಿಂದೆ

ನಲವತ್ತೆರಡು. ಟಂಟಂ ಗಾಡಿ ಸಿಂದಗಿಯ ಕೊನೆಯ ಪೆಟ್ರೋಲ್ ಬಂಕ್ ದಾಟಿ ತಾಂಬಾದ ದಾರಿಗೆ ಬಿದ್ದ ಮೇಲೂ ಸಂಗುವಿನ ತಲೆಯೊಳಗೆ ಆ ಎಣಿಕೆ ನಿಂತಿರಲಿಲ್ಲ. ಮೋಟರಿನ ಒಂದು ಸುರುಳಿಗೆ ನಲವತ್ತೆರಡು ಸುತ್ತು ತಂತಿ. ಎಣಿಸಿಯೇ ಸುತ್ತಿದ್ದ. ಸುತ್ತಿ ಕೆಳಗಿಟ್ಟ ಮೇಲೆ ವೈಂಡಿಂಗ್ ಅಂಗಡಿಯ ಯಜಮಾನ ದಸ್ತಗೀರಸಾಬರು ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ, ಒಂದು ಬಿದಿರುಕಡ್ಡಿಯಿಂದ ತಂತಿಯ ಎಳೆಗಳನ್ನು ಬಿಡಿಸುತ್ತ ಮತ್ತೊಮ್ಮೆ ಎಣಿಸಿದ್ದರು. ನಾಲ್ಕು ವರ್ಷದಲ್ಲಿ ಇದೇ ಮೊದಲು. ಎಣಿಸುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಆ ತುಟಿಯನ್ನು ನೋಡಬಾರದೆಂದು ಸಂಗು ವಾರ್ನಿಷ್ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. ನಲವತ್ತೆರಡು ಸರಿಯಾಗಿಯೇ ಬಂತು. ಸಾಹೇಬರು ಎರಡನೇ ಸುರುಳಿ ಎತ್ತಿಕೊಂಡರು. ಈಗ ಆ ಮೋಟರು ಗೋಣಿಚೀಲ ಹೊದ್ದುಕೊಂಡು ಅವನ ಎರಡು ಕಾಲುಗಳ ನಡುವೆ ಕೂತಿತ್ತು. ಗುಂಡಿ ಬಂದಲ್ಲೆಲ್ಲ ಅವನ ಮೊಳಕಾಲಿಗೆ ಗುದ್ದುತ್ತಿತ್ತು. ಗುದ್ದಿಕೊಳ್ಳಲಿ. ತಾಂಬಾದ ಶಂಕ್ರೆವ್ವನ ಹಿಟ್ಟಿನ ಗಿರಣಿಯದು; ಒಂದೇ ಗಿರಣಿ, ಒಂದೇ ಮೋಟರು, ಹದಿನಾಲ್ಕು ತಿಂಗಳಲ್ಲಿ ಮೂರು ಸಲ ಸುಟ್ಟಿತ್ತು. ಮೂರೂ ಸಲ ಸುತ್ತಿದವನು ತಾನೇ.

"ಇನ್ನೊಮ್ಮೆ ಸುಟ್ಟು ಬಂತಂದ್ರ ಬೇಟಾ, ಸ್ವಲ್ಪ ದಿವಸ ನೀ ವಾರ್ನಿಷ್ ಕೆಲಸಾ ನೋಡು. ವೈಂಡಿಂಗಿಗೆ ಕೂಡಬ್ಯಾಡ" ಎಂದಿದ್ದರು ಸಾಹೇಬರು. ಬೈಯಲಿಲ್ಲ. ಬೈದಿದ್ದರೆ ಅವನೂ ಎದುರು ಆಡುತ್ತಿದ್ದ, ಎದುರಾಡಿ ಹಗುರಾಗುತ್ತಿದ್ದ. ಅವರು ಹೇಳಿದ್ದು, ಚಹಾಕ್ಕೆ ಸಕ್ಕರೆ ಕಡಿಮೆ ಹಾಕು ಅನ್ನುವ ದನಿಯಲ್ಲಿ. ಹೇಳಿ ಗೋಡೆಯ ಕಡೆ ನೋಡಿದ್ದರು. ಆ ಗೋಡೆಯ ಮೇಲೆ ಮೊಳೆಗಳ ಒಂದು ಸಾಲಿದೆ. ಆ ಅಂಗಡಿಯಲ್ಲಿ ವೈಂಡಿಂಗಿಗೆ ಕೂತವನಿಗೆಲ್ಲ ಒಂದೊಂದು ಮೊಳೆ. ತನ್ನ ಕೈತಪ್ಪಿನಿಂದ ಕೆಟ್ಟದ್ದನ್ನು ಅವನವನೇ ತಂದು ಅಲ್ಲಿ ತೂಗುಹಾಕಬೇಕು. ಅದು ಸಾಹೇಬರು ಇಟ್ಟ ಪದ್ಧತಿ. ಮೊದಲ ಮೊಳೆ ಅವರದೇ. ಮೂವತ್ತು ವರ್ಷದ ಹಿಂದೆ ಮುದ್ದೇಬಿಹಾಳದ ಯಾವುದೋ ಎಣ್ಣೆಗಾಣದ ಮೋಟರಿನಿಂದ ಬಿಚ್ಚಿದ ಕರಿಸುರುಳಿ ಒಣಗಿದ ಹಾವಿನ ಹಾಗೆ ಅದಕ್ಕೆ ಜೋತುಬಿದ್ದಿದೆ. ಬೆಳಗಿನ ಊದುಬತ್ತಿ ಹಚ್ಚುವಾಗ ಅವರು ಅದನ್ನೊಮ್ಮೆ ನೋಡುತ್ತಾರೆ. ಎರಡನೆಯದು ಬಾಬುಲಾಲನದು, ಈಗ ಇಂಡಿಯಲ್ಲಿ ಸ್ವಂತ ಅಂಗಡಿ ಇಟ್ಟವನದು. ಮೂರನೆಯ ಮೊಳೆ ಸಂಗುವಿನದು. ನಾಲ್ಕು ವರ್ಷದಿಂದ ಖಾಲಿ. ಬಂದ ಗಿರಾಕಿಗಳಿಗೆ ಅವನು ಅದನ್ನು ಕೈ ಮಾಡಿ ತೋರಿಸುತ್ತಿದ್ದ. ಈಚೆಗೆ ತೋರಿಸುವುದನ್ನು ಬಿಟ್ಟಿದ್ದ. ಆದರೆ ಖಾಲಿ ಇತ್ತು, ಖಾಲಿಯೇ ಇರಬೇಕಿತ್ತು, ಏಕೆಂದರೆ ತಪ್ಪು ಅವನದಲ್ಲ. ಲೈನಿನದು. ಲೈನ್‌ಮನ್ ಸಿದ್ದಲಿಂಗನದು. ಕಂಬದ ಮೇಲೆ ಹಲ್ಲಿಯ ಹಾಗೆ ಏರಿ ಇಳಿದು ಪಗಾರ ತಿನ್ನುವ ಆ ಮನುಷ್ಯನದು.

ಹೋದ ವಾರ ಅದನ್ನು ಅವನು ತಾಂಬಾದ ಬಸ್‌ಸ್ಟ್ಯಾಂಡ್ ಮುಂದಿನ ಚಹಾದ ಹೋಟೆಲಿನಲ್ಲಿ, ಹತ್ತು ಜನರ ನಡುವೆ, ಸಿದ್ದಲಿಂಗನ ಮುಖಕ್ಕೇ ಅಂದಿದ್ದ. "ಕಂಬದಾಗ ಕೆಲಸಾ ಮಾಡೂದು ಬಿಟ್ಟು ಇಲ್ಲಿ ಭಜಿ ತಿನ್ನಾಕ ಸರಕಾರ ಇಟ್ಟೈತೇನ್ ನಿಮ್ಮನ್ನ? ನಿಮ್ಮ ಕಳ್ಳ ಲೈನಿನಿಂದ ಒಬ್ಬ ಹೆಣ್ಣಮಗಳ ಗಿರಣಿ ಬಂದ್ ಬಿದ್ದೈತಿ." ಸಿದ್ದಲಿಂಗ ಭಜಿಯನ್ನು ತಟ್ಟೆಗೆ ವಾಪಸು ಇಟ್ಟಿದ್ದ. ನಲವತ್ತೈದು ದಾಟಿದವನು, ಇಪ್ಪತ್ತಮೂರರ ಹುಡುಗನ ಮಾತಿಗೆ ಕಿವಿ ಕೆಂಪಗೆ ಮಾಡಿಕೊಂಡು ಎದ್ದುಹೋಗಿದ್ದ. ಅಷ್ಟಕ್ಕೂ ಸಂಗುವಿನ ಸಿಟ್ಟು ಇಳಿದಿರಲಿಲ್ಲ. ಶಂಕ್ರೆವ್ವನ ಹೆಸರಿನಲ್ಲಿ ತಾನೇ ಅರ್ಜಿ ಬರೆದು, ಅವಳ ಸಹಿ ಹಾಕಿಸಿ, ಕರೆಂಟಿನವರ ಸೆಕ್ಷನ್ ಆಫೀಸಿಗೆ ಕೊಟ್ಟುಬಂದಿದ್ದ. ನಾಳೆ ಅಲ್ಲಿಂದ ಇಂಜಿನಿಯರ್ ಸಾಹೇಬರೊಬ್ಬರು ವಿಚಾರಣೆಗೆ ಬರುವವರಿದ್ದರು. ಇವತ್ತು ಮೋಟರು ಕೂರಿಸುವ ಮೊದಲು ಲೈನನ್ನು ಅಳೆದು, ಅಂಕಿ ಸಮೇತ ಕಾಗದದ ಮೇಲೆ ಇಳಿಸಿ, ನಾಳೆ ಆ ಕಾಗದವನ್ನು ಸಿದ್ದಲಿಂಗನ ಮುಂದೆ ಹಿಡಿಯಬೇಕು. ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟವನು ಬರೆದ ಲೆಕ್ಕವನ್ನು ಇಂಜಿನಿಯರು ಓದಬೇಕು. ಆ ಓದುವ ಮುಖವನ್ನು ಅವನು ಮೂರು ದಿನದಿಂದ ಮನಸ್ಸಿನಲ್ಲೇ ನೋಡುತ್ತಿದ್ದ.

ಗಿರಣಿಯ ಮುಂದೆ ಡಬ್ಬಿಗಳ ಸಾಲಿತ್ತು. ಮೋಟರು ಇವತ್ತು ಬರುತ್ತದೆಂದು ಸುದ್ದಿ ಮುಟ್ಟಿ, ನಸುಕಿನಲ್ಲೇ ತಂದಿಟ್ಟ ಜೋಳದ ಡಬ್ಬಿಗಳು, ಗೋದಿಯ ಬುಟ್ಟಿ, ಒಂದು ಕೊಡ. ಕಟ್ಟೆಯ ಮೇಲೆ ಕೂತ ನಾಲ್ಕು ಹೆಂಗಸರು ಅವನು ಮೋಟರು ಇಳಿಸುವುದನ್ನು ಹೆಣ ಇಳಿಸುವುದನ್ನು ನೋಡಿದ ಹಾಗೆ ನೋಡಿದರು.

"ಈ ಸಲಾ ಎಷ್ಟ ದಿವಸದ ಬಾಳೇವು ತಮ್ಮಾ ಇದರದು? ಬ್ಯಾಸಗಿ ಕಾಣತೈತೋ ಇಲ್ಲೋ?" ಎಂದಳು ಒಬ್ಬಳು.

"ಸುಮ್ಮಕಿರಬೇ. ಅಂವೇನ್ ಬೇಕಂತ ಸುಡತಾನೇನು?" ಶಂಕ್ರೆವ್ವ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. ಗಿರಣಿ ಹತ್ತು ದಿನದಿಂದ ನಿಂತಿದ್ದರೂ ಅವಳ ಹುಬ್ಬಿನ ಮೇಲೆ ಹಿಟ್ಟಿತ್ತು. "ಬಾ ಸಂಗಪ್ಪ. ನಾಷ್ಟಾ ಮಾಡಿಯೇನು?"

ಆ ಹೆಂಗಸಿನ ಕೊಂಕಿಗಿಂತ ಶಂಕ್ರೆವ್ವ ತನ್ನ ಪರ ಆಡಿದ್ದೇ ಅವನಿಗೆ ಚುಚ್ಚಿತು. ಬೇಕಂತ ಸುಡುವುದಿಲ್ಲ ಅಂದರೆ, ಬೇಡವೆಂದರೂ ಸುಡುತ್ತಾನೆ ಎಂದೇ ಅಲ್ಲವೆ. "ಆಗೇತಿ ಎವ್ವಾ" ಎಂದ. ಆಗಿರಲಿಲ್ಲ.

ಒಳಗೆ, ಬೀಸುವ ಕಲ್ಲಿನ ಪಕ್ಕದ ಸ್ಟೂಲಿನ ಮೇಲೆ ಶಂಕ್ರೆವ್ವನ ಮೊಮ್ಮಗಳು ಪ್ರಿಯದರ್ಶಿನಿ ಕೂತಿದ್ದಳು. ಡಿಪ್ಲೊಮಾದ ಎರಡನೇ ವರ್ಷ, ಎಲೆಕ್ಟ್ರಿಕಲ್. ಪರೀಕ್ಷೆಯ ರಜೆಗೆ ಬಂದವಳು. ತೊಡೆಯ ಮೇಲೆ ಡಬ್ಬಿಯ ಮುಚ್ಚಳ, ಮುಚ್ಚಳದ ಮೇಲೆ ನೋಟುಬುಕ್ಕು. ಎರಡನೇ ಸಲ ಮೋಟರು ಸುಟ್ಟಾಗ ಸಂಗು ಇದೇ ಜಾಗದಲ್ಲಿ, ಬೆಲ್ಟು ಬಿಚ್ಚುತ್ತ ಕೂತವನು, ಆ ನೋಟುಬುಕ್ಕಿನಲ್ಲಿ ಇಣುಕಿದ್ದ. ಪುಟದ ತುಂಬ ಕರೆಂಟನ್ನು ತಡೆಯುವ ರೋಧಗಳ ಜಾಲ; ಒಂದರ ಬೆನ್ನಿಗೊಂದು, ಒಂದರ ಪಕ್ಕಕ್ಕೊಂದು, ನಡುವೆ ಎರಡು ಬ್ಯಾಟರಿ. "ಮೊದಲ ಲೋಡ್ ತಗದು ಬಾಜೂಕ ಇಡಬೇಕು" ಎಂದಿದ್ದಳು ಅವಳು, ತನಗೇ ಹೇಳಿಕೊಂಡ ಹಾಗೆ. "ಲೋಡ್ ತಗದ್ರ ಸರ್ಕೀಟಿನ್ಯಾಗ ಉಳಿದದ್ದಾರ ಏನು?" ಎಂದಿದ್ದ ಅವನು. ಅವಳು ತಲೆ ಎತ್ತಿ, ಇವನು ಕೇಳಬಹುದಾದ ಮನುಷ್ಯ ಎಂದು ಆಗಷ್ಟೇ ಗೊತ್ತಾದವಳಂತೆ ನೋಡಿ, ತಿಳಿಸಿ ಹೇಳಿದ್ದಳು. ಎಷ್ಟೇ ಗೋಜಲಿನ ಸರ್ಕೀಟಿರಲಿ, ಅದರ ಎರಡು ತುದಿ ಹಿಡಿದು ಹೊರಗಿನಿಂದ ನೋಡಿದರೆ ಅದು ಬರೀ ಕರೆಂಟಿನ ಒಂದು ಮೂಲ, ಮತ್ತು ಅದರ ಜೊತೆಗೊಂದು ರೋಧ. ಅಷ್ಟೇ. ಒಳಗಿನ ಜಾಲವನ್ನೆಲ್ಲ ಅಳಿಸಿ ಆ ಎರಡನ್ನೇ ಬರೆದುಕೊಂಡರೂ ಹೊರಗೆ ಹಚ್ಚಿದ ಲೋಡಿಗೆ, ಅದು ಬಲ್ಬಿರಲಿ ಮೋಟರಿರಲಿ, ವ್ಯತ್ಯಾಸ ತಿಳಿಯುವುದಿಲ್ಲ. ಲೋಡು ತೆಗೆದು ಅಳೆದರೆ ಸಿಗುವುದು ಮೂಲದ ವೋಲ್ಟೇಜು. ಲೋಡು ಹಚ್ಚಿದಾಗ ಅದರಲ್ಲಿ ಎಷ್ಟು ಇಳಿಯಿತು ನೋಡು, ಹರಿದ ಕರೆಂಟಿನಿಂದ ಭಾಗಿಸು, ಒಳಗಿನ ರೋಧ ಸಿಕ್ಕಿತು. ಥೆವೆನಿನ್ ಅಂತ ಒಬ್ಬಾತ ಹೇಳಿದ್ದು.

"ಹಂಗಾರ ಲೋಡ್ ಇಲ್ದಾಗ ಎಲ್ಲಾರೂ ಸತ್ಯವಂತರ" ಎಂದಿದ್ದ ಸಂಗು. ಅವಳು ನಕ್ಕಿದ್ದಳು. ನಾರ್ಟನ್ ಎಂಬ ಇನ್ನೊಬ್ಬಾತ ಇದೇ ಮಾತನ್ನು ಬೇರೆ ಬಾಗಿಲಿನಿಂದ ಹೇಳಿದ್ದನಂತೆ, ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸಿ. ಅದು ಸಂಗುವಿಗೆ ಹಿಡಿಸಲಿಲ್ಲ. "ಕಾಗದದ ಮ್ಯಾಲೆ ಕೂಡಿಸಿದ್ರ ಕಿಡಿ ಹಾರಂಗಿಲ್ಲ. ಇಲ್ಲಿ ಕೂಡಿಸಿ ನೋಡು ಅನ್ನು ಅವಗ, ಹುಬ್ಬು ಸುಟ್ಟು ಹೋಗತಾವ." ಅವತ್ತು ಅವಳ ಹಳೆಯ ನೋಟುಬುಕ್ಕೊಂದನ್ನು ಕೇಳಿ ಒಯ್ದಿದ್ದ. ಸಿಂದಗಿಯ ಖೋಲಿಯಲ್ಲಿ, ರವಿವಾರಗಳಲ್ಲಿ, ಅದರ ಲೆಕ್ಕಗಳನ್ನು ಒಂದೊಂದಾಗಿ ಬಿಡಿಸಿದ್ದ. ಬಿಡಿಸುವಾಗೆಲ್ಲ ತನ್ನೂರು ಮಸೂತಿಯ ಸಾಲಿ ನೆನಪಾಗುತ್ತಿತ್ತು. ಒಂದು ಸೆಲ್ಲು, ಒಂದು ಬಲ್ಬು, ಒಂದು ಬಟನ್ನು, ಚಿತ್ರ ಬರೆ ಎಂದಿದ್ದರು ಮಾಸ್ತರು. ಅವನು ತನ್ನ ಮನೆಯಲ್ಲಿ ತಂತಿ ಹೇಗೆ ಹೋಗಿತ್ತೋ ಹಾಗೆ ಬರೆದಿದ್ದ. ಬಾಗಿಲ ಚೌಕಟ್ಟಿನಿಂದ ಮೇಲಕ್ಕೆ, ತೊಲೆಯನ್ನು ಸುತ್ತಿ, ಮಾಡದ ಪಕ್ಕಕ್ಕೆ ಇಳಿದು, ದೇವರ ಫೋಟೋದ ಹಿಂದೆ ಹಾದು, ಬಲ್ಬಿಗೆ. ಮಾಸ್ತರು ಅದನ್ನು ಎತ್ತಿ ಹಿಡಿದು, "ಇದು ಸರ್ಕೀಟಲ್ಲೋ, ಇವರ ಮನಿ ನಕಾಶೆ" ಎಂದರು. ಇಡೀ ವರ್ಗ ನಕ್ಕಿತು. ಬಾಕಿ ಉಳಿದವರೆಲ್ಲ ನೆಟ್ಟಗಿನ ನಾಲ್ಕು ಗೆರೆ ಎಳೆದಿದ್ದರು. ಅವತ್ತಿನ ನಗೆ ಇವತ್ತಿಗೂ ಕಿವಿಯಲ್ಲಿ ಬಿಸಿಯಾಗಿತ್ತು. ಆ ಡೊಂಕುಗಳನ್ನೆಲ್ಲ ಬಿಟ್ಟರೂ ಲೆಕ್ಕ ತಪ್ಪುವುದಿಲ್ಲ, ಅದಕ್ಕೇ ಬಿಡುತ್ತಾರೆ ಎಂದು ಒಬ್ಬರಾದರೂ ಒಂದು ಮಾತು ಹೇಳಿದ್ದರೆ! ಹೇಳಲಿಲ್ಲ. ಆ ವರ್ಷವೇ ಅವನು ಪಾಟೀಚೀಲ ಗೂಟಕ್ಕೆ ಹಾಕಿದ. ಹೇಳದವರ ಮೇಲಿನ ಸಿಟ್ಟು ಮಾತ್ರ ಅವನ ಜೊತೆ ಅಂಗಡಿಗೆ ಬಂತು.

"ಎವ್ವಾ, ಎರಡು ನೀರು ಕಾಸೋ ಕಾಯಿಲ್ ಬೇಕು. ಮತ್ತ ಎರಡು ಬಕೀಟು ನೀರು."

"ಜಳಕಾ ಮಾಡತೀಯೇನ ಗಿರಣ್ಯಾಗ?" ಕಟ್ಟೆಯ ಮೇಲಿನವಳು ಬಿಡಲಿಲ್ಲ.

ಮೋಟರು ಇನ್ನೂ ಹೊರಗೇ ಇತ್ತು. ಮೀಟರಿನ ಎರಡು ಮೊನೆಗಳನ್ನು ಅವನು ಸ್ವಿಚ್ಚಿನ ಪೆಟ್ಟಿಗೆಗೆ ಮುಟ್ಟಿಸಿದ. ಲೈನಿನ ಮೂರು ಫೇಸುಗಳೇ ಮೂರು ಪಾಳಿ. ಕೆಂಪು ಪಾಳಿ, ಇನ್ನೂರಾ ಮೂವತ್ತೆರಡು. ಹಳದಿ, ಇನ್ನೂರಾ ಮೂವತ್ತೆರಡು. ನೀಲಿ, ಅದೇ. ಪ್ರತಿ ಸಲವೂ ಹೀಗೇ. ಸುಟ್ಟ ಮೋಟರು ಬಿಚ್ಚಿ, ಲೈನು ನೋಡಿ, ಲೈನ್ ಬರೋಬರಿ ಐತಿ ಎಂದು ತಲೆ ತಗ್ಗಿಸಿ ಸಿಂದಗಿಗೆ ಹೋಗಿದ್ದ. ಲೋಡು ಇಲ್ಲದ ತುದಿಗಳನ್ನು ಅಳೆದು ನಂಬಿದ್ದ. ಈ ಸಲ ನಂಬುವುದಿಲ್ಲ. ಎರಡೂ ಕಾಯಿಲ್‌ಗಳನ್ನು ಬಕೀಟಿನಲ್ಲಿ ಇಳಿಬಿಟ್ಟು ಕೆಂಪು ಪಾಳಿಗೆ ಹಚ್ಚಿದ. ಇನ್ನೂರಾ ಇಪ್ಪತ್ತೊಂಬತ್ತು. ಮೂರೇ ವೋಲ್ಟು ಇಳಿಯಿತು. ನೀಲಿಯೂ ಅಷ್ಟೇ. ಹಳದಿಗೆ ಹಚ್ಚಿದ. ಮೀಟರಿನ ಅಂಕಿ ಒಂದು ಕ್ಷಣ ತಡವರಿಸಿ ಕೆಳಗಿಳಿಯಿತು. ಇನ್ನೂರಾ ಹನ್ನೆರಡು. ತಂತಿಯನ್ನು ತಬ್ಬಿ ಕರೆಂಟು ಅಳೆಯುವ ಇಕ್ಕಳದ ಮೀಟರು ಎಂಟು ಆಂಪಿಯರ್ ತೋರಿಸಿತು.

"ಇಪ್ಪತ್ತು ಭಾಗಿಸು ಎಂಟು" ಎಂದ.

"ಎರಡೂವರಿ" ಎಂದಳು ಪ್ರಿಯದರ್ಶಿನಿ, ಬರೆಯುತ್ತಲೇ. "ಎರಡೂವರಿ ಓಮ್. ಬಾಕಿ ಎರಡಕ್ಕ ಅರ್ಧಾನೂ ಇಲ್ಲ. ಸಂಗಣ್ಣಾ, ಇದು ಖರೇನ ಬಂತಲ್ಲ!" ಪುಸ್ತಕದ ಲೆಕ್ಕವೊಂದು ಎದ್ದು ಬಂದು ಅಂಗಳದಲ್ಲಿ ನಿಂತಷ್ಟು ಅಚ್ಚರಿ ಅವಳಿಗೆ. ಸಂಗುವಿಗೆ ಆದದ್ದು ಅಚ್ಚರಿಯಲ್ಲ. ಹದಿನಾಲ್ಕು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಬೀಸುಕಲ್ಲನ್ನು ಯಾರೋ ಎತ್ತಿದ ಹಾಗಾಯಿತು. ಬಕೀಟಿನ ನೀರು ಸಣ್ಣಗೆ ಸುಂಯ್ ಅನ್ನುತ್ತಿತ್ತು. ಮೂರು ಸಲವೂ ಅವೇ ಎರಡು ಪಾಳಿಗಳ ಸುರುಳಿಗಳು ಸುಟ್ಟಿದ್ದವು. ಅವನು ಅದನ್ನು ಸಾಹೇಬರಿಗೆ ಹೇಳಿದ್ದ. ಹೇಳಿದ್ದು ನೆಪದ ಹಾಗೆ ಕೇಳಿಸಿತ್ತು. ಈಗ ಹೇಳಲಿ ನೆಪವೆಂದು. ಒಂದು ಪಾಳಿ ಸೊರಗಿದರೆ ಉಳಿದವು ಹೆಚ್ಚಿನ ಭಾರ ಎಳೆದು ಸುಡುತ್ತವೆ. ಅವನ ನಲವತ್ತೆರಡು ನಲವತ್ತೆರಡೇ ಆಗಿತ್ತು.

ಸಿದ್ದಲಿಂಗ ಬಂದದ್ದು ಆ ಹೊತ್ತಿಗೆ. ಖಾಕಿ ಅಂಗಿ, ಹೆಗಲ ಮೇಲೆ ಹಗ್ಗ, ಕೈಯಲ್ಲಿ ಕ್ಯಾನ್ವಾಸಿನ ಚೀಲ. ಹೊಸ್ತಿಲ ಹೊರಗೇ ನಿಂತ. "ಫ್ಯೂಸ್ ತಗೀಬೇಕು, ಮೋಟರ್ ಕೂಡಸತಾರ ಅಂತ ಶಂಕ್ರೆವ್ವ ಫೋನ್ ಮಾಡಿದ್ಲು. ಏನು, ವೈಂಡಿಂಗ್ ಸಾಹೇಬರು ತಯಾರದಾರೋ ಇಲ್ಲೋ?"

"ಒಳಗ ಬಂದು ನೋಡ್ರಿ ನಿಮ್ಮ ಲೈನು" ಎಂದ ಸಂಗು. ಕಾಗದ ಮುಂದೆ ಹಿಡಿದ. ಮೂರು ದಿನದಿಂದ ಕಾದಿದ್ದ ಗಳಿಗೆ ಒಂದು ದಿನ ಮೊದಲೇ ಬಂದಿತ್ತು. ಸಿದ್ದಲಿಂಗ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದ. ಮೀಟರನ್ನು ನೋಡಿದ. ಕಾಯಿಲ್ ಕಿತ್ತು ಅಂಕಿ ಏರುವುದನ್ನು, ಹಚ್ಚಿ ಇಳಿಯುವುದನ್ನು ತಾನೇ ನೋಡಿದ. ಅವನ ಮುಖದಲ್ಲಿ ಸಂಗು ಕಾಯುತ್ತಿದ್ದ ಸೋಲು ಕಾಣಲಿಲ್ಲ. ಬರೀ ಕೆಲಸಗಾರನ ಕುತೂಹಲವಿತ್ತು.

"ಇಳೀತೈತಿ, ಖರೆ. ಎಲ್ಲಿ ಇಳೀತೈತಿ?"

"ಲೈನಿನ್ಯಾಗ."

"ಲೈನ್ ಅಂದ್ರ ದೊಡ್ಡದೋ ತಮ್ಮಾ. ಟ್ರಾನ್ಸ್‌ಫಾರ್ಮರ್ ಐತಿ, ಕಂಬ ಐತಿ, ಫ್ಯೂಸ್ ಪೆಟಗಿ ಐತಿ. ಈ ನಿನ್ನ ಲೆಕ್ಕ ಅದನ್ನೇನರ ಹೇಳತೈತೇನು?"

ಸಂಗು ಪ್ರಿಯದರ್ಶಿನಿಯ ಕಡೆ ನೋಡಿದ. ಅವಳು ಪೆನ್ನಿನ ತುದಿ ಕಚ್ಚಿಕೊಂಡು, "ಹೇಳಂಗಿಲ್ರಿ ಕಾಕಾ" ಎಂದಳು. "ಹಿಂದ ಎಷ್ಟು ಐತಿ ಅಂತ ಹೇಳತೈತಿ, ಎಲ್ಲಿ ಐತಿ ಅಂತ ಹೇಳಂಗಿಲ್ಲ. ಎಲ್ಲಿ ಐತಿ ನೋಡಬೇಕಂದ್ರ ನಾವು ನಿಂತು ನೋಡೋ ತುದೀನ ಸರಸಬೇಕು. ಕಂಬದ ಪೆಟಗ್ಯಾಗ ಅಳೀರಿ. ಲೋಡ್ ಇಲ್ಲೇ ಇರಲಿ."

ಕಂಬ ಓಣಿಯ ಆಚೆ ಇತ್ತು. ಅಲ್ಲಿಂದ ಗಿರಣಿಗೆ ಅರವತ್ತು ಹೆಜ್ಜೆ. ನಡುವೆ ಕಬ್ಬಿನ ಟ್ರ್ಯಾಕ್ಟರು ಹಾಯುವ ದಾರಿಯೆಂದು ಕೇಬಲ್ಲು ನೆಲದೊಳಗೆ ಹೋಗಿತ್ತು. ಸಿದ್ದಲಿಂಗ ಪೆಟ್ಟಿಗೆಯ ಬಾಗಿಲು ತೆರೆದ. ತನ್ನ ಮೀಟರನ್ನು ಪ್ರಿಯದರ್ಶಿನಿಯ ಕೈಗೆ ಬಿಟ್ಟು ಬಂದಿದ್ದ ಸಂಗು, ಸಿದ್ದಲಿಂಗನ ಚೀಲದ ಮೀಟರ್ ಹಿಡಿದ. ಗಿರಣಿಯೊಳಗೆ ಹಳದಿ ಪಾಳಿಯ ಮೇಲೆ ಕಾಯಿಲ್ ಕಾಯುತ್ತಲೇ ಇತ್ತು. ಕಂಬದಲ್ಲಿ ಅಂಕಿ ಇನ್ನೂರಾ ಮೂವತ್ತು. ಅವನು ಮೊನೆಯನ್ನು ಒತ್ತಿ ಹಿಡಿದ. ಇನ್ನೂರಾ ಮೂವತ್ತು. "ಕಾಯಿಲ್ ತಗದೀಯೇನು?" ಎಂದು ಕೂಗಿದ. "ಇಲ್ಲ, ಹಚ್ಚೇ ಐತಿ! ಇಲ್ಲಿ ಇನ್ನೂರಾ ಹನ್ನೆರಡು!" ಎಂದು ಗಿರಣಿಯೊಳಗಿನಿಂದ ದನಿ ಬಂತು. ಕಂಬದವರೆಗೆ ಬಂದದ್ದು ಗಿರಣಿಗೆ ಮುಟ್ಟುವುದರೊಳಗೆ ಸೋರಿಹೋಗುತ್ತಿತ್ತು. ಅವನು ಕಾಲ ಕೆಳಗೆ ನೋಡಿದ. ನೆಲ. ಟ್ರ್ಯಾಕ್ಟರಿನ ಗಾಲಿಯ ಗುರುತು, ಸೆಗಣಿ, ನಡುವೆ ಒಂದು ಕಡೆ ಮಣ್ಣು ಸ್ವಲ್ಪ ಕುಸಿದ ತಗ್ಗು.

ಆ ತಗ್ಗನ್ನು ಅವನು ಬಂದಾಗಲೆಲ್ಲ ದಾಟಿದ್ದ. ನೀರಿನ ಪೈಪು ಹಾಕುವಾಗ ಜೆಸಿಬಿಯ ಹಲ್ಲಿಗೆ ಸಿಕ್ಕು ಕೇಬಲ್ ಹರಿದದ್ದು ಅಲ್ಲಿ. ಒಂದೂವರೆ ವರ್ಷದ ಹಿಂದೆ, ಪಂಚಮಿಯ ಹಿಂದಿನ ದಿನ. ಉಂಡಿಯ ಹಿಟ್ಟಿಗೆಂದು ಊರಿನ ಡಬ್ಬಿಯೆಲ್ಲ ಗಿರಣಿಯ ಮುಂದಿತ್ತು. ಶಂಕ್ರೆವ್ವ ಫೋನಿನಲ್ಲಿ ಅತ್ತಿದ್ದಳು. ಅವನು ಓಡಿ ಬಂದಿದ್ದ. ತುದಿಗಳು ಒಂದೂವರೆ ಮೊಳ ಸಾಲದೆ ಬಂದವು. ಚೀಲದಲ್ಲಿ ತಾಮ್ರದ ಕೇಬಲಿನ ತುಂಡೊಂದಿತ್ತು, ದಪ್ಪ, ಹೊಳೆಯುವುದು. ಹಳೆಯ ಪ್ಯಾನೆಲೊಂದರಿಂದ ಬಿಚ್ಚಿ ಜೋಪಾನ ಮಾಡಿದ್ದು. ನೆಲದೊಳಗಿನ ಕೇಬಲ್ಲು ಅಲ್ಯುಮಿನಿಯಂ. ತಾಮ್ರ, ಅಲ್ಯುಮಿನಿಯಂ ಒಂದ ಮನಿಯಾಗ ಬಾಳೇವು ಮಾಡಂಗಿಲ್ಲ ಬೇಟಾ, ಹಸಿ ಸಿಕ್ಕರ ಒಂದನ್ನೊಂದು ತಿಂತಾವ, ಎಂದು ಅಂಗಡಿಯ ಮೊದಲ ವರ್ಷವೇ ಸಾಹೇಬರು ಹೇಳಿದ್ದರು. ಗೊತ್ತಿತ್ತು. ಗೊತ್ತಿದ್ದೂ ಹೆಣೆದಿದ್ದ. ಕೈ ಹೆಣೆಯುತ್ತಿರುವಾಗ ಮನಸ್ಸು ಏನು ಹೇಳಿತ್ತು? ಇದು ತಾಮ್ರ, ಇದಕ್ಕಿಂತ ಒಳ್ಳೆಯದು ಯಾರು ಕೊಟ್ಟಾರು ಎಂದಿತ್ತು. ಸುತ್ತಿ, ಟೇಪು ಬಿಗಿದು, ಮಣ್ಣು ಮುಚ್ಚಿ, ಎದ್ದುನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದಿದ್ದ: "ಎವ್ವಾ, ತಾಮ್ರ ಹಾಕೇನಿ ತಾಮ್ರ! ನಿನ್ನ ಮರಿಮಕ್ಕಳ ಕಾಲಕ್ಕೂ ಇದಕ್ಕೇನಾಗಂಗಿಲ್ಲ." ಶಂಕ್ರೆವ್ವ ರೊಟ್ಟಿ, ಶೇಂಗಾಹಿಂಡಿ ಕೊಟ್ಟು ಎದುರು ಕೂತು ಉಣ್ಣಿಸಿದ್ದಳು. ಮೊದಲ ಮೋಟರು ಸುಟ್ಟಿದ್ದು ಅದಾದ ನಾಲ್ಕನೇ ತಿಂಗಳು.

ಮರೆತಿದ್ದನೆ? ಮರೆತಿದ್ದ. ಅಥವಾ ಮರೆತದ್ದನ್ನು ಮುಟ್ಟದೆ ಹಾಗೇ ಇಟ್ಟುಕೊಂಡಿದ್ದ. ಹೋಟೆಲಿನಲ್ಲಿ ಭಜಿ ತಟ್ಟೆಗೆ ಮರಳಿದ ಸದ್ದು ಅವನಿಗೆ ಈಗ ಕೇಳಿಸಿತು. ಎಂಥ ಸಣ್ಣ ಸದ್ದು.

"ಕಂಬಕ್ಕ ಏನೂ ಇಲ್ಲಪ್ಪ" ಎಂದ ಸಿದ್ದಲಿಂಗ, ಪೆಟ್ಟಿಗೆ ಮುಚ್ಚುತ್ತ. "ನೆಲದಾಗಿನ ಕೇಬಲ್ ನಮ್ಮದಲ್ಲ, ಅವರದು. ಹಳೇದಾಗಿರಬೇಕು."

ಶಂಕ್ರೆವ್ವ ಓಣಿಗೆ ಬಂದು ನಿಂತಿದ್ದಳು. ಲೆಕ್ಕ ತಿಳಿಯದಿದ್ದರೂ ಮಾತು ತಿಳಿದಿತ್ತು. "ಹಂಗಾರ ನಮ್ಮ ಹುಡುಗನ ವೈಂಡಿಂಗ್ ಚಲೋನ ಇತ್ತು ಅನ್ರಿ! ಕೇಳಿದ್ಯಾ ಬೇ?" ಎಂದು ಕಟ್ಟೆಯ ಕಡೆ ಕೂಗಿದಳು. "ನಾ ಹೇಳಿರಲಿಲ್ಲ? ಹಾಳ ಕೇಬಲ್ ಅಂತ. ಹೋಗ್ಲಿ ಬಿಡು ಸಂಗಪ್ಪ, ಮ್ಯಾಲಿಂದ ಹೊಸಾದು ಎಳದಬಿಡು. ಅದು ಅಲ್ಲೇ ಮಣ್ಣಾಗ ಸಾಯಲಿ."

ಎಷ್ಟು ಸುಲಭವಿತ್ತು. ಮೇಲಿನಿಂದ ಹೊಸ ಕೇಬಲ್. ಮೋಟರು ತಿರುಗುತ್ತದೆ. ಸಾಹೇಬರ ಮುಂದೆ ಕಾಗದ ಇಟ್ಟರೆ ಅವರು ಕನ್ನಡಕ ತೆಗೆದು, ಎಣಿಸಿದ್ದಕ್ಕೆ ಮನಸ್ಸಿನಲ್ಲಿ ನಾಚುತ್ತಾರೆ. ಮೊಳೆ ಖಾಲಿಯೇ ಇರುತ್ತದೆ. ಸುಳ್ಳೇನೂ ಹೇಳಬೇಕಾಗಿರಲಿಲ್ಲ. ಕೇಬಲ್ಲು ಕೆಟ್ಟಿದ್ದು ಖರೆ. ಹೊರಗಿನಿಂದ ನೋಡಿದವರಿಗೆ ಅರವತ್ತು ಹೆಜ್ಜೆ ನೆಲ ಅಂದರೆ ಎರಡೂವರೆ ಓಮ್, ಅಷ್ಟೇ. ಒಳಗೆ ಯಾವ ಡೊಂಕು, ಯಾರ ಕೈ ಎಂದು ಯಾವ ಲೋಡೂ ಕೇಳುವುದಿಲ್ಲ. ಅವನಿಗೆ ತಟ್ಟನೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಹುಡುಕಿದ. ಮಾಸ್ತರು, ಸಾಹೇಬರು, ಕಂಬ. ಯಾರೂ ಆ ಸಿಟ್ಟಿಗೆ ಸಿಗಲಿಲ್ಲ. ತಗ್ಗಿನ ಅಂಚಿಗೆ ಒಂದು ಕೋಳಿ ಕೆದರುತ್ತಿತ್ತು.

ಪ್ರಿಯದರ್ಶಿನಿ ನೋಟುಬುಕ್ಕು ಹಿಡಿದುಕೊಂಡೇ ಹೊರಗೆ ಬಂದಳು. ಕೇಬಲ್ ಹರಿದ ವರ್ಷ ಅವಳು ಹಾಸ್ಟೆಲಿನಲ್ಲಿದ್ದವಳು, ಅವಳಿಗೇನೂ ಗೊತ್ತಿರಲಿಲ್ಲ. "ಸಂಗಣ್ಣಾ, ಒಂದು ತಿಳೀವಲ್ದು. ಹಳೇದಾದ್ರ ಎಲ್ಲಾ ಎಳೀನೂ ಹಳೇದ ಆಗಬೇಕಲ್ಲ? ಒಂದ ಪಾಳಿಗೆ ಇಷ್ಟು ರೋಧ ಹೆಂಗ ಬರತೈತಿ?"

"ಕೇಬಲಿಗೆ ಬರಂಗಿಲ್ಲ" ಎಂದ ಸಂಗು. "ಜಾಯಿಂಟಿಗೆ ಬರತೈತಿ."

ಸಿದ್ದಲಿಂಗ ತಿರುಗಿ ನೋಡಿದ.

"ಎವ್ವಾ, ಸನಿಕಿ ಕೊಡು. ಅಣ್ಣಾ, ಫ್ಯೂಸ್ ತಗೀರಿ."

ಎರಡು ಅಡಿ ಅಗೆಯಬೇಕಾಯಿತು. ಯಾರಾದರೂ ಸನಿಕೆ ಕಸಿದುಕೊಂಡಾರೆಂದು ಅವನು ಅರ್ಧ ಬಯಸಿದ, ಯಾರೂ ಕಸಿಯಲಿಲ್ಲ. ಕಟ್ಟೆಯ ಹೆಂಗಸರು ಎದ್ದು ಬಂದು ಸುತ್ತ ನಿಂತರು. ಟೇಪು ಕರಗಿ ಗೋಂದಿನ ಹಾಗೆ ಆಗಿತ್ತು. ಅದನ್ನು ಕೆರೆದಾಗ ಒಳಗಿನ ಅಲ್ಯುಮಿನಿಯಂ ಬಿಳಿಪುಡಿಯಾಗಿ ಉದುರಿತು, ಹಿಟ್ಟಿನ ಹಾಗೆಯೇ. ತಾಮ್ರದ ತುಂಡು ಹಸಿರು ಹಿಡಿದಿತ್ತು. ನಾಲ್ಕು ಎಳೆಗಳಲ್ಲಿ ಮೂರು ಇನ್ನೂ ಒಂದನ್ನೊಂದು ಹಿಡಿದುಕೊಂಡಿದ್ದವು. ಹಳದಿಯದು ಎರಡು ಕೂದಲಿನಷ್ಟರಲ್ಲಿ ಜೋತಿತ್ತು. ಮುಟ್ಟಿದ. ಇನ್ನೂ ಬೆಚ್ಚಗಿತ್ತು.

"ಇದು ನಾ ಮಾಡಿದ್ದ ಎವ್ವಾ" ಎಂದ, ತಗ್ಗಿನೊಳಗಿಂದಲೇ. "ಮೂರೂ ಮೋಟರ್ ಇದರಿಂದಾನ ಸುಟ್ಟಾವ. ತಾಮ್ರ ಹಾಕಬಾರದಿತ್ತು. ನನಗ ಗೊತ್ತಿತ್ತು."

ಶಂಕ್ರೆವ್ವ ಹುಬ್ಬಿನ ಹಿಟ್ಟನ್ನು ಒರೆಸಿಕೊಂಡಳು. "ಗೊತ್ತಿತ್ತು?" ಎಂದಳು ಕೊನೆಗೆ. ಅವನು ತಲೆಯಾಡಿಸಿದ. ಅವಳು ಒಳಗೆ ಹೋದಳು. ರೊಟ್ಟಿ ತಂದು ಎದುರು ಕೂತಿದ್ದ ಹೆಂಗಸು, ಬೆನ್ನು ತಿರುಗಿಸಿ ಹೋದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಅವನಿಗನಿಸಿತು, ಅನಿಸಿದ್ದಕ್ಕೇ ನಾಚಿಕೆಯೂ ಆಯಿತು.

ಸಿದ್ದಲಿಂಗ ತಗ್ಗಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಕ್ಯಾನ್ವಾಸ್ ಚೀಲದಿಂದ ಅಲ್ಯುಮಿನಿಯಮ್ಮಿನ ನಾಲ್ಕಾರು ನಳಿಗೆ, ಅವನ್ನು ಒತ್ತುವ ದೊಡ್ಡ ಇಕ್ಕಳ, ಅಲ್ಯುಮಿನಿಯಂ ಕೇಬಲಿನದೊಂದು ತುಂಡು ತೆಗೆದು ಮಣ್ಣಿನ ಮೇಲೆ ಇಟ್ಟ. "ತಗೋ. ಸಜಾತಿ ಸಂಬಂಧ ಮಾಡು ಈ ಸಲಾ." ಸಂಗು ಅವನ ಮುಖ ನೋಡದೆ, "ಅಣ್ಣಾ, ನಂದು ತಪ್ಪಾತು" ಎಂದ. ಸಿದ್ದಲಿಂಗ ಬೀಡಿ ಹಚ್ಚಿದ. "ತಗ್ಗಿನ್ಯಾಗ ನಿಂತು ಹೇಳಿದ್ರ ಯಾರಿಗೆ ಕೇಳತೈತೋ? ಹೋಟೆಲ್‌ನ್ಯಾಗ ಬೈದಿದ್ದಿ. ಅಲ್ಲೇ ಬಂದು ಹೇಳು."

ಹಳೆಯ ಜಾಯಿಂಟು ಕತ್ತರಿಸಿ ತೆಗೆದು, ಹೊಸದನ್ನು ಒತ್ತಿ, ಮೋಟರು ಕೂರಿಸಿ ಬೆಲ್ಟು ಹಾಕುವಾಗ ಮೂರು ಗಂಟೆ. ಕಾಯಿಲ್ ಹಚ್ಚಿ ಮೂರೂ ಪಾಳಿ ಅಳೆದ. ಇನ್ನೂರಾ ಇಪ್ಪತ್ತೊಂಬತ್ತು, ಮೂರೂ. ಪ್ರಿಯದರ್ಶಿನಿ ಬರೆದುಕೊಂಡಳು. ಗಿರಣಿ ಹೊರಳಿತು, ಕೊಡದ ಜೋಳ ಮೊದಲು ಬಿತ್ತು. ಶಂಕ್ರೆವ್ವ ಹಿಟ್ಟಿಗೆ ಕೈಯೊಡ್ಡಿ ಬಿಸಿ ನೋಡಿದಳು, ಅವನನ್ನು ನೋಡಲಿಲ್ಲ. ಆದರೆ ಅವನು ಹೊರಡುವಾಗ, "ಅರ್ಜಿ ನನ್ನ ಹೆಸರಿಲೆ ಐತಿ. ನಾಳೆ ನೀನ ಬಂದು ಆ ಇಂಜಿನಿಯರ್ ಸಾಹೇಬಗ ಹೇಳಬೇಕು" ಎಂದಳು. "ಬರ್ತೇನಿ ಎವ್ವಾ." "ಉಂಡು ಬಾ. ಇವತ್ತಿನಂಗ ಸುಳ್ಳ ಹೇಳಬ್ಯಾಡ, ಹೊಟ್ಟಿ ಗುರಗುಟ್ಟೂದು ಗಿರಣಿ ಸಪ್ಪಳದಾಗೂ ಕೇಳಿಸ್ತು."

ಹೋಟೆಲಿನಲ್ಲಿ ಹತ್ತು ಜನರಿದ್ದರು. ಆ ಹತ್ತು ಜನರಲ್ಲ, ಬೇರೆ ಹತ್ತು ಜನ. ಸಿದ್ದಲಿಂಗ ಮೂಲೆಯ ಬೆಂಚಿನಲ್ಲಿ ಕೂತಿದ್ದ. ಸಂಗು ನಡುವೆ ನಿಂತ. "ಹೋದ ವಾರ ಇಲ್ಲಿ ಸಿದ್ದಲಿಂಗಣ್ಣಗ ನಾ ಕಳ್ಳ ಲೈನ್ ಅಂದಿದ್ದೆ. ಲೈನ್ ಬರೋಬರಿ ಐತಿ. ತಪ್ಪು ನನ್ನ ಜಾಯಿಂಟಿಂದು." ಯಾರೋ ಒಬ್ಬ ತಲೆಯೆತ್ತಿ, "ಯಾವ ಲೈನು?" ಎಂದ. ಇನ್ನೊಬ್ಬ, "ತಮ್ಮಾ, ಆ ಸಕ್ಕರಿ ಡಬ್ಬಿ ಈ ಕಡೆ ಸರಸು" ಎಂದ. ಸಂಗು ಡಬ್ಬಿ ಸರಿಸಿದ. ಮೂರು ದಿನದಿಂದ ಕಂಡ ಮುಖಗಳು, ಒಂದೂವರೆ ವರ್ಷ ಮುಚ್ಚಿಟ್ಟದ್ದು, ಎಲ್ಲ ಸೇರಿ ಇಷ್ಟೇ ಜಾಗ ಹಿಡಿದಿತ್ತು. ಸಿದ್ದಲಿಂಗ ಬೆಂಚಿನ ಮೇಲೆ ಸರಿದು ಕೂತ. "ಕೂಡು. ಭಜಿ ಆರತಾವ."

ಸಿಂದಗಿಯ ಬಸ್ಸಿನಲ್ಲಿ ತಗ್ಗಿನಿಂದ ಕತ್ತರಿಸಿ ತೆಗೆದ ಆ ತಾಮ್ರದ ತ್ಯಾಪೆಯ ತುಂಡು ಅವನ ತೊಡೆಯ ಮೇಲಿತ್ತು, ಹಿಟ್ಟಿನ ಅರಿವೆಯಲ್ಲಿ ಸುತ್ತಿ. ಪಕ್ಕದವನು ಏನದು ಎಂದು ಕೇಳಿದ. "ನಂದು" ಎಂದ ಸಂಗು. ಕಿಟಕಿಯಾಚೆ ತೊಗರಿಯ ಹೊಲಗಳು, ಅವುಗಳ ಮೇಲೆ ಕಂಬದಿಂದ ಕಂಬಕ್ಕೆ ಜೋತ ತಂತಿಗಳು ಹೋಗುತ್ತಲೇ ಇದ್ದವು. ನೆಟ್ಟಗಿನ ಗೆರೆ ಒಂದೂ ಇರಲಿಲ್ಲ.

ಅಂಗಡಿಯಲ್ಲಿ ದಸ್ತಗೀರಸಾಬರು ಬಾಗಿಲಿನ ಸಂಜೆಬಿಸಿಲಿಗೆ ಕೂತು, ಮೋಟರಿನ ಸ್ಲಾಟುಗಳ ಒಳಗೆ ಹಾಸುವ ಕಾಗದ ಕತ್ತರಿಸುತ್ತಿದ್ದರು. ಸಂಗು ಒಳಗೆ ಹೋಗಿ, ಅರಿವೆ ಬಿಚ್ಚಿ, ಹಸಿರು ಹಿಡಿದ ತುಂಡನ್ನು ಮೂರನೆಯ ಮೊಳೆಗೆ ಹಾಕಿದ. ಬಿಳಿಪುಡಿ ಸ್ವಲ್ಪ ಗೋಡೆಯ ಮೇಲೆ ಇಳಿಯಿತು. ಸಾಹೇಬರು ಎದ್ದು ಬಂದು, ಕನ್ನಡಕ ಏರಿಸಿ, ಹತ್ತಿರದಿಂದ ನೋಡಿದರು. ತಾಮ್ರವನ್ನು ಉಗುರಿನಿಂದ ಕೆರೆದರು.

"ಯಾವಾಗಿಂದು?"

"ಒಂದೂವರಿ ವರ್ಷದ್ದು ಚಾಚಾ. ನೀವು ಹೇಳಿದ್ರಿ, ಆದರೂ ಮಾಡಿದ್ದೆ."

"ಹೂಂ" ಎಂದರು. ಮತ್ತೆ ಬಾಗಿಲಿಗೆ ಹೋಗಿ ಕೂತರು. ಒಂದು ಕಾಗದ ಕತ್ತರಿಸಿದರು, ಎರಡು ಕತ್ತರಿಸಿದರು. "ನಾಲ್ಕ ವರ್ಷ ಆ ಮೊಳಿ ಖಾಲಿ ಇತ್ತಲ್ಲ, ಅದನ್ನ ನೋಡಿದಾಗೆಲ್ಲಾ ನನಗ ಅಂಜಿಕಿ ಬರತಿತ್ತು ಬೇಟಾ."

ಬಾಗೇವಾಡಿಯಿಂದ ಒಂದು ಮೋಟರು ಬಂದಿತ್ತು. ಸಾಹೇಬರು ಅದನ್ನು ಕಾಲಿನಿಂದ ಅವನ ಕಡೆ ತಳ್ಳಿದರು. ಸಂಗು ಕೈ ತೊಳೆದು ಕೂತ. ಐವತ್ತೆರಡು ಸುತ್ತಿನದು. ಒಂದು, ಎರಡು, ಮೂರು. ಮೂವತ್ತರ ಹತ್ತಿರ ಮನಸ್ಸು ತಾಂಬಾಕ್ಕೆ ಹೋಗಿಬಂತು, ಎಣಿಕೆ ತಪ್ಪಿದ ಹಾಗಾಯಿತು. ಮೂವತ್ತೊಂದೋ, ಮೂವತ್ತೆರಡೋ. ಸಾಹೇಬರ ಬೆನ್ನು ಅವನ ಕಡೆಗಿತ್ತು. ಅವನು ಸುತ್ತಿದ್ದನ್ನೆಲ್ಲ ಬಿಚ್ಚಿದ. ಒಂದರಿಂದ ಶುರುಮಾಡಿದ.